ಇಳಿಯುವಾಗ ಕೇಳಿ

ಆ ಮಾತು ನನ್ನದು.
ಯಾರೂ ಬರೆದು ಕೊಟ್ಟದ್ದಲ್ಲ.
ಆಯನೂರು ದಾಟಿ ಸೂಡೂರು ಗೇಟು ಬರುವ ಮೊದಲು
ಒಬ್ಬ ಸೀಟಿನ ಮೇಲೆ ಮಂಡಿಯೂರಿ ಕ್ಯಾಮೆರಾ ಹಿಡಿದಿದ್ದ,
ಇನ್ನೊಬ್ಬ ನನ್ನ ಗದ್ದದ ಹತ್ತಿರ ಮೈಕಿನ ಕೋಲು ಚಾಚಿದ್ದ,
ಮೂರನೆಯವ ನೂರರ ನೋಟು ನೀಡಿ
ರಿಪ್ಪನ್‌ಪೇಟೆ ಒಂದು, ಅಂದ.
ಐವತ್ತೇಳು. ಚಿಲ್ಲರೆ ಇರಲಿಲ್ಲ.
ಟಿಕೆಟ್ಟಿನ ಬೆನ್ನಿಗೆ ನಲವತ್ತಮೂರು ಅಂತ ಗೀಚಿ
ದಿನಕ್ಕೆ ಇನ್ನೂರು ಸಲ ಹೇಳುವ ಹಾಗೆಯೇ ಹೇಳಿದೆ:
ಇಳಿಯುವಾಗ ಕೇಳಿ.

ಇಳಿದರು. ಕೇಳಲಿಲ್ಲ.
ಶಾಟು ಚೆನ್ನಾಗಿ ಬಂದ ಖುಷಿಗೆ
ಒಬ್ಬರ ಬೆನ್ನಿಗೊಬ್ಬರು ಗುದ್ದುತ್ತ ಹೊರಟೇಹೋದರು.
ರಾತ್ರಿ ಡಿಪೋದಲ್ಲಿ ಲೆಕ್ಕಕ್ಕೆ ನಲವತ್ತಮೂರು ಹೆಚ್ಚು.
ನಮ್ಮಲ್ಲಿ ಕಡಿಮೆ ಬಿದ್ದರೂ ತಪ್ಪು, ಹೆಚ್ಚಾದರೂ ತಪ್ಪು.
ಕಟ್ಟಿ ರಸೀದಿ ತಗೊಂಡೆ.

ಎರಡು ವರ್ಷ.
ಈಗ ಆ ಮಾತು ಆಟೋಗಳ ಹಿಂದಿದೆ,
ಗಾಂಧಿಬಜಾರಿನಲ್ಲಿ ಟೀಶರ್ಟಿನ ಎದೆ ಮೇಲಿದೆ,
ಇನ್ನೂರೈವತ್ತು, ಚೌಕಾಸಿ ಮಾಡಿದರೆ ನೂರೆಂಬತ್ತು.
ಪಿಯುಸಿ ಹುಡುಗರು ನನ್ನ ಬಸ್ಸಿಗೇ ಹತ್ತಿ ನನಗೇ ಕೂಗುತ್ತಾರೆ.
ನಾನು ಹೇಳಿದರೆ,
ಆಂಟಿ, ನೀವೂ ಫ್ಯಾನಾ?

ಚಿತ್ರದಲ್ಲಿ ನನ್ನ ಮುಖವಿಲ್ಲ. ಒಂದು ಚರ್ಮದ ಚೀಲ,
ಪೆನ್ನು ಹಿಡಿದ ಎರಡು ಬೆರಳು, ದನಿ.

ಭಾನುವಾರ ಡ್ಯೂಟಿ ಅದಲುಬದಲು ಮಾಡಿಕೊಂಡು ರಂಗಮಂದಿರಕ್ಕೆ ಹೋದೆ.
ಒಂಬತ್ತು ನಿಮಿಷದ ಚಿತ್ರ, ಮೂವತ್ತಡಿ ಕಟೌಟು.
ಹಾಲಿನ ಪ್ಯಾಕೆಟ್ಟು ತಂದವರನ್ನು ಕೋಡೂರು ಅವನೀಶ್ ಅವರೇ ಬೈದರಂತೆ;
ಹಾಲು ಕೊನೆಗೆ ಕಾಫಿಗಾಯಿತು, ನಾನೂ ಒಂದು ಲೋಟ ಕುಡಿದೆ.
ಚಿತ್ರ ಮುಗಿದ ಮೇಲೆ ಹುಡುಗಿಯೊಬ್ಬಳು ಎದ್ದು ಕೇಳಿದಳು:
ಆ ಡೈಲಾಗು ಹೇಗೆ ಹೊಳೀತು ಸಾರ್?
ಅವರು ಸ್ವಲ್ಪ ಹೊತ್ತು ಮೈಕನ್ನೇ ನೋಡಿದರು.
ಗೊತ್ತಿಲ್ಲ, ಎಲ್ಲೋ ಕೇಳಿದ್ದಿರಬೇಕು.
ವಿನಯಕ್ಕೆ ಚಪ್ಪಾಳೆ ಬಿತ್ತು.
ಸುಳ್ಳೇನಲ್ಲವಲ್ಲ, ನಾನೂ ತಟ್ಟಿದೆ.

ಆಮೇಲೆ ಸಹಿಗೆ ಸಾಲು.
ಎಲ್ಲರ ಕೈಯಲ್ಲೂ ಬಸ್ ಟಿಕೆಟ್ಟು, ಅದೇ ಈಗಿನ ರೂಢಿ.
ಹುಡುಗಿಯರದು ಸೊನ್ನೆ ರೂಪಾಯಿಯದು.
ನಾನು ಬಾಕಿ ಬರೆಯುವ ಜಾಗದಲ್ಲಿ ಅವರು ಹೆಸರು ಬರೆಯುತ್ತಿದ್ದರು.
ಮೆಷಿನ್ನಿನ ಅಕ್ಷರ ಮಳೆಗಾಲ ಕಳೆಯುವುದರೊಳಗೆ ಹಾರಿಹೋಗುತ್ತದೆ,
ಎಲ್ಲಿಂದ ಎಲ್ಲಿಗೆ ಅನ್ನುವುದೂ ಇರುವುದಿಲ್ಲ;
ಬೆನ್ನಿನ ಪೆನ್ನು ಮಾತ್ರ ಉಳಿಯುತ್ತದೆ.
ಹೇಳಬೇಕೆನಿಸಿತು. ಸಾಲು ಮುಂದೆ ಹೋಯಿತು.

ಮೇಜಿನ ಮೇಲೆ ಇಪ್ಪತ್ತರ ಎರಡು ನೋಟು, ರೂಪಾಯಿ ಮೂರು ಇಟ್ಟೆ.
ರಿಪ್ಪನ್‌ಪೇಟೆ. ನೂರರಲ್ಲಿ ಐವತ್ತೇಳು ಹೋಗಿ.
ತಲೆಯೆತ್ತದೆ ನಕ್ಕರು. ಇದು ಹೊಸದು, ಅಂದರು.
ಹಿಂದಿನವರು ಶಿಳ್ಳೆ ಹೊಡೆದರು.
ಹೆಸರು? ವಾರಿಜ.
ಮೇಲಿನ ನೋಟಿನ ಬಿಳಿ ಜಾಗದಲ್ಲಿ
ವಾರಿಜ ಅವರಿಗೆ ಪ್ರೀತಿಯಿಂದ, ಅಂತ ಬರೆದು
ನಾಣ್ಯ ಸಮೇತ ನನ್ನ ಕಡೆಗೇ ಸರಿಸಿದರು.

ಪಕ್ಕದಲ್ಲಿ ಗಡ್ಡ ಬಿಟ್ಟವನೊಬ್ಬ ವಯರು ಸುತ್ತುತ್ತಿದ್ದ.
ಕೋಲು ಹಿಡಿದಿದ್ದ ಹುಡುಗ.
ಮೊದಲು ಅವನ ಕಿವಿ ನನ್ನ ಕಡೆ ತಿರುಗಿತು, ಆಮೇಲೆ ಕಣ್ಣು.
ಅಷ್ಟರಲ್ಲಿ ಸಾಲು ನನ್ನನ್ನು ಬಾಗಿಲ ತನಕ ನೂಕಿತ್ತು.

ಸೋಮವಾರ, ಮೊದಲ ಟ್ರಿಪ್ಪು.
ಮೊಟ್ಟೆ ಟ್ರೇ ಮಡಿಲಲ್ಲಿಟ್ಟುಕೊಂಡು ಕೂತವರಿಗೆ
ಆ ನೋಟು ಕೊಟ್ಟೆ.
ತಿರುಗಿಸಿ ನೋಡಿ, ಗೀಚಿದ್ದು ಬ್ಯಾಡ, ಬೇರೆ ಕೊಡಿ, ಅಂದರು.
ಬೇರೆ ಇರಲಿಲ್ಲ.
ಟಿಕೆಟ್ಟು ವಾಪಸು ತಗೊಂಡು ಬೆನ್ನಿಗೆ ಇಪ್ಪತ್ತು ಬರೆದೆ.
ನಾನು ಬಾಯಿ ತೆರೆಯುವ ಮೊದಲೇ
ಹಿಂದಿನ ಸೀಟಿನ ಹುಡುಗರು ಹೇಳಿಯಾಗಿತ್ತು.

ಸೂಡೂರು ಗೇಟಿನಲ್ಲಿ ಅವರು
ಒಂದು ಕೈಯಲ್ಲಿ ಟ್ರೇ, ಇನ್ನೊಂದರಲ್ಲಿ ಕಂಬಿ,
ಟಿಕೆಟ್ಟು ಹಲ್ಲಲ್ಲಿ ಕಚ್ಚಿಕೊಂಡು ಬಾಗಿಲಿಗೆ ಬಂದರು.
ಕೇಳಿದರು.
ಕೊಟ್ಟೆ.